ಸೋಲಾರ್ ಟ್ರಸ್ಟಿನ ಲೆಕ್ಕದಲ್ಲಿ ಬ್ಯಾಟರಿ ಎಲ್ಲಿದೆ?

ಸೋಲಾರ್ ಕೆಲಸ ಮಾಡುವ ಟ್ರಸ್ಟಿನ ಲೆಕ್ಕಪತ್ರ ಆಡಿಟ್‌ಗೆ ಬಂದರೆ ನಾನು ಮೊದಲು ಹುಡುಕುವುದು ಬ್ಯಾಟರಿಯನ್ನು. ಎಷ್ಟು ಅನುದಾನ ಬಂತು, ಎಷ್ಟು ಶಾಲೆಗಳ ಮೇಲೆ ಪ್ಯಾನೆಲ್ ಕೂತಿತು ಎಂಬುದೆಲ್ಲ ವಾರ್ಷಿಕ ವರದಿಯಲ್ಲಿ ಫೋಟೊ ಸಮೇತ ಇರುತ್ತದೆ. ಐದು ವರ್ಷ ಆದಮೇಲೆ ಬ್ಯಾಟರಿ ಬದಲಿಸಲು ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಎಷ್ಟೋ ಸಂಸ್ಥೆಗಳಲ್ಲಿ ಉತ್ತರವಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಕೊಪ್ಪಳದ ಕಡೆಯ ಒಂದು ಸರ್ಕಾರಿ ಶಾಲೆಗೆ ಮೂರು ಲಕ್ಷ ರೂಪಾಯಿಯ ಸೋಲಾರ್ ವ್ಯವಸ್ಥೆ ಕೊಟ್ಟರು ಎಂದಿಟ್ಟುಕೊಳ್ಳಿ. ಅದರಲ್ಲಿ 75,000 ರೂಪಾಯಿ ಬ್ಯಾಟರಿಯದ್ದು. ಪ್ಯಾನೆಲ್ 25 ವರ್ಷ ಬಾಳುತ್ತದೆ. ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿಗೆ ತಪ್ಪದೆ ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿಕೊಂಡರೂ ಸುಮಾರು ಐದು ವರ್ಷ. ಅಂದರೆ ಪ್ಯಾನೆಲ್ ಇರುವಷ್ಟು ಕಾಲದಲ್ಲಿ ಬ್ಯಾಟರಿಯನ್ನು ನಾಲ್ಕು ಸಲ ಬದಲಿಸಬೇಕು. ಇವತ್ತಿನ ಬೆಲೆಯಲ್ಲೇ ಅದು ಮೂರು ಲಕ್ಷ. ಶುರುವಿನಲ್ಲಿ ಮಾಡಿದ ಪೂರ್ತಿ ಖರ್ಚಿನಷ್ಟೇ ಮತ್ತೊಂದು ಖರ್ಚು! ಇನ್ವರ್ಟರ್ ಕೆಡುವುದನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇದು ಸಂಸ್ಥೆಗಳಿಗೆ ಗೊತ್ತಿಲ್ಲ ಎಂದಲ್ಲ. ಅಲ್ಲಿ ಕೆಲಸ ಮಾಡುವ ಎಂಜಿನಿಯರ್‌ಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ತೊಂದರೆ ಇರುವುದು ದುಡ್ಡಿನ ಸ್ವಭಾವದಲ್ಲಿ. ಬರುವ ಪ್ರತಿಯೊಂದು ಬಗೆಯ ಹಣಕ್ಕೂ ಕಾನೂನು ಒಂದೊಂದು ಗಡುವು ಹಾಕಿದೆ. ಆ ಗಡುವಿಗೂ ಬ್ಯಾಟರಿಯ ಆಯುಷ್ಯಕ್ಕೂ ತಾಳೆ ಆಗುವುದಿಲ್ಲ.

ಮೊದಲು ಆದಾಯ ತೆರಿಗೆ. ನೋಂದಣಿ ಇರುವ ದತ್ತಿ ಸಂಸ್ಥೆ ಆ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು. ಉಳಿದ ಶೇ 15 ಇಟ್ಟುಕೊಳ್ಳಬಹುದು. ಇಲ್ಲಿ ಖರ್ಚು ಎಂದರೆ ನಿಜವಾಗಿ ಪಾವತಿ ಆಗಿರಬೇಕು. 'ಬ್ಯಾಟರಿಗೆಂದು ತೆಗೆದಿಟ್ಟಿದ್ದೇವೆ' ಎಂದು ಪುಸ್ತಕದಲ್ಲಿ ಬರೆದರೆ ಅದು ಖರ್ಚಲ್ಲ. ಹೋಗಲಿ, ಸವಕಳಿಯನ್ನಾದರೂ (ವಸ್ತು ಹಳೆಯದಾದಂತೆ ವರ್ಷವರ್ಷ ಇಳಿಯುವ ಬೆಲೆಯನ್ನು) ಖರ್ಚು ಎಂದು ತೋರಿಸೋಣ ಎಂದರೆ ಅದಕ್ಕೂ ದಾರಿ ಇಲ್ಲ. ಕೊಂಡ ವರ್ಷವೇ ಪೂರ್ತಿ ಬೆಲೆಯನ್ನು ಖರ್ಚಿಗೆ ಹಾಕಿದ್ದರೆ ಅದೇ ವಸ್ತುವಿನ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. 2014ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಖಾಸಗಿ ಕಂಪನಿಗೆ ಸವಕಳಿಯಿಂದ ಸಹಜವಾಗಿ ಸಿಗುವ ಬದಲಿ ಖರ್ಚಿನ ಅನುಕೂಲ ದತ್ತಿ ಸಂಸ್ಥೆಗೆ ಹೀಗೆ ತಪ್ಪುತ್ತದೆ.

ಆದರೆ ಒಂದು ಕಿಟಕಿ ತೆರೆದಿದೆ. ಅದನ್ನು ಬಳಸುವವರು ಕಡಿಮೆ ಎಂಬುದೇ ನನ್ನ ಬೇಸರ. ಇಂಥದ್ದೇ ಕೆಲಸಕ್ಕೆ, ಇಷ್ಟು ವರ್ಷಕ್ಕೆ ಎಂದು ನಿಗದಿತ ನಮೂನೆಯಲ್ಲಿ ಸಮಯಕ್ಕೆ ಸರಿಯಾಗಿ ಹೇಳಿಕೆ ಸಲ್ಲಿಸಿದರೆ, ಹಣವನ್ನು ಐದು ವರ್ಷದವರೆಗೆ ಕೂಡಿಡಬಹುದು. ಅದು ಬ್ಯಾಂಕ್ ಠೇವಣಿಯಂಥ ಕಾನೂನು ಒಪ್ಪುವ ಕಡೆ ಇರಬೇಕು. ಐದು ವರ್ಷ! ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯಕ್ಕೆ ಹೆಚ್ಚುಕಮ್ಮಿ ಸರಿಹೊಂದುವ ಅವಧಿ ಇದೊಂದೇ. ಮೇಲಿನ ಶಾಲೆಯ ಲೆಕ್ಕದಲ್ಲಿ ತಿಂಗಳಿಗೆ 1,250 ರೂಪಾಯಿಯಂತೆ 60 ತಿಂಗಳು ತೆಗೆದಿಟ್ಟರೆ 75,000 ಆಯಿತು. ಎಲ್ಲವನ್ನೂ ಮೊದಲ ವರ್ಷವೇ ಇಟ್ಟರೆ ಬಡ್ಡಿಯೂ ಸೇರಿ ಬೆಲೆ ಏರಿಕೆಗೆ ಸ್ವಲ್ಪ ಆಧಾರ ಸಿಗುತ್ತದೆ. ಎರಡು ಎಚ್ಚರಿಕೆ ಮಾತ್ರ ಬೇಕು. ಉದ್ದೇಶವನ್ನು ಬರೆಯುವಾಗ 'ಸಂಸ್ಥೆಯ ಧ್ಯೇಯಗಳಿಗೆ' ಎಂದು ಸುಮ್ನೆ ಬರೆದರೆ ಮುಂದೆ ತಕರಾರು ಬರುತ್ತದೆ. ಯಾವ ತಾಲ್ಲೂಕಿನ ಎಷ್ಟು ಶಾಲೆಗಳ ಬ್ಯಾಟರಿ ಎಂದೇ ಬರೆಯಿರಿ. ಹಾಗೆಯೇ, ಕೂಡಿಟ್ಟ ಹಣವನ್ನು ಆಮೇಲೆ ಇನ್ನೊಂದು ಟ್ರಸ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅವಧಿಯೊಳಗೆ ನೀವೇ ಖರ್ಚು ಮಾಡಬೇಕು, ಇಲ್ಲವಾದರೆ ತೆರಿಗೆ ಬೀಳುತ್ತದೆ.

ಈಗ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ನೋಡೋಣ. ಕಾನೂನಿನ ಮಿತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಇದೆ. ಬೆಂಗಳೂರಿನಲ್ಲಿ ಇದರಿಂದ ಸೋಲಾರ್ ಕೆಲಸಕ್ಕೆ ಒಳ್ಳೆಯ ಹಣ ಹರಿದಿದೆ. ಆದರೆ 2021ರ ಜನವರಿಯ ತಿದ್ದುಪಡಿಯಾದ ಮೇಲೆ ಈ ಹಣಕ್ಕೆ ಉಸಿರಾಡಲು ಜಾಗ ಕಡಿಮೆ. ಕಂಪನಿ ಸಂಸ್ಥೆಗೆ ಚೆಕ್ ಕೊಟ್ಟರೆ ಸಾಲದು, ಸಂಸ್ಥೆ ಅದನ್ನು ಬಳಸಬೇಕು. ಸಂಸ್ಥೆ ಕಾಯಂ ಆಗಿ ಇಟ್ಟುಕೊಳ್ಳುವ ಮೂಲನಿಧಿಗೆ (ಕಾರ್ಪಸ್) ಸಿಎಸ್‌ಆರ್ ಹಣ ಹಾಕುವಂತಿಲ್ಲ. ಹಲವು ವರ್ಷ ನಡೆಯುವ 'ಚಾಲ್ತಿ ಯೋಜನೆ' ಎಂದು ಘೋಷಿಸಿದರೂ, ಶುರುವಾದ ವರ್ಷ ಬಿಟ್ಟು ಇನ್ನು ಮೂರೇ ವರ್ಷ. ಒಟ್ಟು ನಾಲ್ಕು ವರ್ಷ ಆಯಿತು. ಬ್ಯಾಟರಿ ಕೈಕೊಡುವುದು ಐದನೇ ವರ್ಷದಲ್ಲಿ.

ಹಾಗಾಗಿ ಸಿಎಸ್‌ಆರ್ ಹಣವನ್ನು ಮುಂದಿನ ಬ್ಯಾಟರಿಗೆಂದು ಉಳಿಸಲು ಆಗುವುದಿಲ್ಲ. ಆದರೆ ಕೊಳ್ಳುವಾಗ ಜಾಸ್ತಿ ಖರ್ಚು ಮಾಡಲು ಅಡ್ಡಿಯಿಲ್ಲ. ಅದಕ್ಕೇ ನನ್ನ ಸಲಹೆ ಸರಳ: ಸಿಎಸ್‌ಆರ್ ಹಣವಾದರೆ ಲಿಥಿಯಂ ಫೆರೊ ಫಾಸ್ಫೇಟ್ ಬ್ಯಾಟರಿ ಹಾಕಿಸಿ. ಬೆಲೆ ಹೆಚ್ಚು, ನಿಜ. ಆದರೆ ಸುಮಾರು ಹತ್ತು ವರ್ಷ ಬಾಳುತ್ತದೆ, ನೀರು ಹಾಕುವ ರಗಳೆ ಇಲ್ಲ. ಅದೇ ಬಜೆಟ್‌ನಲ್ಲಿ ಹತ್ತು ಶಾಲೆಯ ಬದಲು ಏಳೇ ಶಾಲೆ ಆಗಬಹುದು. ಕಂಪನಿಯವರಿಗೆ ಸಂಖ್ಯೆ ಇಳಿಯುವುದು ಇಷ್ಟವಾಗುವುದಿಲ್ಲ. ಆದರೂ ಏಳನ್ನೇ ಹೇಳಿ. ಹತ್ತು ಶಾಲೆಯಲ್ಲಿ ಐದು ವರ್ಷ ಉರಿದು ಆರಿಹೋಗುವ ದೀಪಕ್ಕಿಂತ ಏಳು ಶಾಲೆಯಲ್ಲಿ ಹತ್ತು ವರ್ಷ ಉರಿಯುವ ದೀಪ ಮೇಲು. ಶಾಲೆ ಮತ್ತು ವರ್ಷ ಗುಣಿಸಿ ನೋಡಿದರೆ 50 ಮತ್ತು 70.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. 'ಆಡಳಿತ ಖರ್ಚು ಶೇ 5 ಮೀರಬಾರದು' ಎಂದು ಕೆಲವು ಕಂಪನಿಗಳು ಸಂಸ್ಥೆಗಳಿಗೆ ಷರತ್ತು ಹಾಕುತ್ತವೆ. ನಿಯಮದಲ್ಲಿರುವ ಆ ಶೇ 5 ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ. ಕೆಲಸ ಮಾಡುವ ಸಂಸ್ಥೆಗೆ ಅದು ಅನ್ವಯಿಸುವುದಿಲ್ಲ. ತಿಂಗಳಿಗೊಮ್ಮೆ ಬೈಕಿನಲ್ಲಿ ಹೋಗಿ ಟರ್ಮಿನಲ್ ಒರೆಸಿ, ವೈರ್ ಬಿಗಿ ಮಾಡಿ ಬರುವ ಹುಡುಗನ ಸಂಬಳವನ್ನು 'ಆಡಳಿತ' ಎಂದು ಕತ್ತರಿಸಿದರೆ ಕತ್ತರಿಸಿದ್ದು ವಿದ್ಯುತ್ತನ್ನೇ. ಈ ಮಾತನ್ನು ದಾನಿಗಳ ಮುಂದೆ ಹೇಳಲು ಸಂಸ್ಥೆಗಳು ಹಿಂಜರಿಯುತ್ತವೆ. ಹಿಂಜರಿಯಬೇಕಾಗಿಲ್ಲ.

ವಿದೇಶಿ ದೇಣಿಗೆಯದ್ದು ಇನ್ನೊಂದು ಕಥೆ. ಶುದ್ಧ ಇಂಧನದ ಕೆಲಸಕ್ಕೆ ದೊಡ್ಡ ಮೊತ್ತ ಬರುವುದು ಇಲ್ಲಿಂದಲೇ. ಬೆಂಗಳೂರಿನ ಸೆಲ್ಕೊ ಫೌಂಡೇಶನ್ ಹನ್ನೆರಡು ರಾಜ್ಯಗಳ 25,000 ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಅಳವಡಿಸುವ ಗುರಿ ಹಾಕಿಕೊಂಡಾಗ ಅದಕ್ಕೆ ಬೆನ್ನಾಗಿ ನಿಂತದ್ದು ವಿದೇಶದ ಐಕಿಯ ಫೌಂಡೇಶನ್. ಹೆರಿಗೆ ಕೋಣೆಯಲ್ಲಿ ದೀಪ, ಲಸಿಕೆಗೆ ಫ್ರಿಜ್ ಎಂದರೆ ಜೀವದ ಪ್ರಶ್ನೆ. ಇಂಥ ಹಣ ಬೇಕೇ ಬೇಕು.

ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿ ಹಣ ಹಂಚುವ ರೀತಿಯನ್ನೇ ಬದಲಿಸಿತು. ಮೊದಲು ದೊಡ್ಡ ಸಂಸ್ಥೆ ವಿದೇಶಿ ಹಣ ಪಡೆದು, ಎಫ್‌ಸಿಆರ್‌ಎ ನೋಂದಣಿ ಇರುವ ಸಣ್ಣ ಸಂಸ್ಥೆಗಳಿಗೆ ಅನುದಾನವಾಗಿ ಕೊಡಬಹುದಿತ್ತು. ಈಗ ಯಾರಿಗೂ ವರ್ಗಾಯಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಹಣ ಬಂದು ಬೀಳಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಲೆಕ್ಕ ಒಂದೇ ಕಡೆ ಸಿಗಬೇಕೆಂಬ ಸರ್ಕಾರದ ಉದ್ದೇಶ ಅರ್ಥವಾಗುತ್ತದೆ. ಆದರೆ ಊರಿನ ಜನರ ಹೆಸರು, ಹೊಲ, ಸಾಲ ಎಲ್ಲ ಬಲ್ಲ ಸಣ್ಣ ಸಂಸ್ಥೆಗಳಿಗೆ ಇದರಿಂದ ಪೆಟ್ಟು ಬಿತ್ತು. ಬ್ಯಾಟರಿ ಕೆಟ್ಟಾಗ ಮೊದಲು ಫೋನ್ ಬರುವುದು ಅವರಿಗೇ ಅಲ್ವಾ?

ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವ ಉಪಅನುದಾನಕ್ಕೂ ಖರೀದಿಗೂ ಇರುವ ವ್ಯತ್ಯಾಸ ಗೊತ್ತಿರಬೇಕು. ಪ್ಯಾನೆಲ್ ಅಳವಡಿಸುವ ಗುತ್ತಿಗೆದಾರನಿಗೆ ಕೊಟೇಶನ್ ಪಡೆದು, ಬಿಲ್ಲಿಗೆ ಹಣ ಕೊಡುವುದು ವರ್ಗಾವಣೆಯಲ್ಲ, ನಿಮ್ಮದೇ ಖರ್ಚು. ಆದರೆ ಇನ್ನೊಂದು ಸಂಸ್ಥೆಯ ಕಾರ್ಯಕ್ರಮವನ್ನೇ ನಡೆಸಲು ಹಣ ಕೊಟ್ಟು, ಅದಕ್ಕೆ 'ಸೇವಾ ಶುಲ್ಕ' ಎಂದು ಬಿಲ್ ತರಿಸಿಕೊಂಡರೆ ತನಿಖೆಯಲ್ಲಿ ನಿಲ್ಲುವುದಿಲ್ಲ. ನೋಂದಣಿಯೇ ಹೋಗಬಹುದು. ಹಾಗೆ ಮಾಡಲೇಬೇಡಿ. ವಿದೇಶಿ ಹಣವನ್ನು ಠೇವಣಿ ಇಟ್ಟಾಗ ಬರುವ ಬಡ್ಡಿಯೂ ವಿದೇಶಿ ದೇಣಿಗೆಯೇ. ಬ್ಯಾಟರಿ ನಿಧಿಯ ಬಡ್ಡಿಯನ್ನು ಸ್ಥಳೀಯ ಖಾತೆಗೆ ಹಾಕಿ ಆಮೇಲೆ ಪೇಚಾಡುವವರು ಇದ್ದಾರೆ.

ದೇಶದೊಳಗಿನ ಹಣವನ್ನು ಇನ್ನೊಂದು ದತ್ತಿ ಸಂಸ್ಥೆಗೆ ಕೊಡಲು ಅಡ್ಡಿಯಿಲ್ಲ. ಅಲ್ಲೂ 2023ರ ಬಜೆಟ್ ಒಂದು ಕೊಕ್ಕೆ ಹಾಕಿದೆ. ನೂರು ರೂಪಾಯಿ ಕೊಟ್ಟರೆ 85 ಮಾತ್ರ ಖರ್ಚು ಎಂದು ಲೆಕ್ಕಕ್ಕೆ ಬರುತ್ತದೆ. ಹಂಚುವುದನ್ನೇ ಮುಖ್ಯ ಕೆಲಸ ಮಾಡಿಕೊಂಡ ಸಂಸ್ಥೆ ಇದನ್ನು ವರ್ಷದ ಶುರುವಿಗೇ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲದಕ್ಕೂ ಅನುದಾನವೇ ಉತ್ತರ ಎಂದು ನಾನು ನಂಬುವುದಿಲ್ಲ. ಶಾಲೆಗೆ, ಆಸ್ಪತ್ರೆಗೆ ಪೂರ್ತಿ ಅನುದಾನ ಸರಿ. ದುಡಿಯುವ ಮನೆಗೆ, ಹೊಲಿಗೆ ಯಂತ್ರದ ಹೆಣ್ಣುಮಗಳಿಗೆ, ರೊಟ್ಟಿ ಮಾಡಿ ಮಾರುವ ಸಂಘಕ್ಕೆ ಸಾಲವೇ ಚೆನ್ನ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಇತಿಹಾಸವಿದೆ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಸೆಲ್ಕೊ ಕಂಪನಿ ಶುರುಮಾಡಿದಾಗ ಸೋಲಾರ್ ದೀಪವನ್ನು ಪುಕ್ಕಟೆ ಹಂಚಲಿಲ್ಲ. ಗ್ರಾಮೀಣ ಬ್ಯಾಂಕುಗಳ ಬಾಗಿಲು ತಟ್ಟಿ ಸಾಲ ಕೊಡಿಸಿದರು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ದಕ್ಷಿಣ ಭಾರತದಲ್ಲಿ ಸೋಲಾರ್ ಸಾಲ ಯೋಜನೆ ತಂದಿತು. ಅನುದಾನದ ಹಣ ದೀಪ ಕೊಳ್ಳಲು ಹೋಗಲಿಲ್ಲ, ಬಡ್ಡಿ ಇಳಿಸಲು ಹೋಯಿತು. ಆ ಸಬ್ಸಿಡಿಯನ್ನೂ ವರ್ಷ ಕಳೆದಂತೆ ಕಡಿಮೆ ಮಾಡುತ್ತಾ ಬಂದರು. ಬ್ಯಾಂಕ್ ಮ್ಯಾನೇಜರ್‌ಗಳಿಗೆ ಸೋಲಾರ್ ಸಾಲ ಪರಿಚಯವಾಯಿತು. ಅದೇ ಹಣದಲ್ಲಿ ನೇರವಾಗಿ ದೀಪ ಕೊಂಡು ಹಂಚಿದ್ದರೆ ಇಷ್ಟು ಮನೆ ತಲುಪುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಲ ತೀರಿಸಿದ ಮನೆಯವರು ಬ್ಯಾಟರಿಗೂ ತಾವೇ ದುಡ್ಡು ಜೋಡಿಸುತ್ತಾರೆ. ಯಾಕೆಂದರೆ ಅದು ಅವರ ಸ್ವತ್ತು.

ಸ್ವತ್ತು ಯಾರದ್ದು ಎಂಬುದನ್ನು ಅನುದಾನದ ಒಪ್ಪಂದದಲ್ಲೇ ಬರೆಯಬೇಕು. ಸಿಎಸ್‌ಆರ್ ಹಣದಿಂದ ಕೊಂಡದ್ದನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಟ್ರಸ್ಟ್, ಫಲಾನುಭವಿಗಳ ಸಂಘ, ಇಲ್ಲವೇ ಸರ್ಕಾರಿ ಸಂಸ್ಥೆಯ ಹೆಸರಿಗೆ ಹೋಗಬೇಕು. ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿಯಲ್ಲಿ, ಆಸ್ಪತ್ರೆಯಾದರೆ ಆರೋಗ್ಯ ರಕ್ಷಾ ಸಮಿತಿಯ ನಡಾವಳಿಯಲ್ಲಿ ಬ್ಯಾಟರಿಗೆ ತಿಂಗಳಿಗೆ ಇಷ್ಟು ಎತ್ತಿಡುತ್ತೇವೆ ಎಂಬ ಠರಾವು ಇರಲಿ. ಆ ನಡಾವಳಿಯ ಪ್ರತಿ ಬರುವವರೆಗೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ ಎಂದು ನಾನು ದಾನಿಗಳಿಗೆ ಹೇಳುತ್ತೇನೆ. ಗಟ್ಟಿ ಮಾತು ಅನಿಸಬಹುದು, ಆದರೆ ಹಣ ಕೈಯಲ್ಲಿರುವಾಗ ಮಾತ್ರ ಈ ಕಾಗದ ಬರುತ್ತದೆ.

ಸದ್ಯಕ್ಕೆ ಒಂದು ಕೆಲಸ ತಕ್ಷಣ ಮಾಡಬಹುದು. ಸೋಲಾರ್ ವ್ಯವಸ್ಥೆಯ ಗುತ್ತಿಗೆಯಲ್ಲಿ ಶೇ 70 ಭಾಗವನ್ನು ಸರಕು, ಶೇ 30 ಭಾಗವನ್ನು ಸೇವೆ ಎಂದು ಹಿಡಿದು ಜಿಎಸ್‌ಟಿ ಹಾಕುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸರಕಿನ ದರ ಶೇ 12ರಿಂದ 5ಕ್ಕೆ ಇಳಿದಿದೆ, ಸೇವೆಯದ್ದು ಶೇ 18ರಲ್ಲೇ ಇದೆ. ಲೆಕ್ಕ ಮಾಡಿದರೆ ಹತ್ತು ಲಕ್ಷದ ಗುತ್ತಿಗೆಗೆ 1,38,000 ಇದ್ದ ತೆರಿಗೆ 89,000ಕ್ಕೆ ಬಂತು. ಬಿಡಿಯಾಗಿ ಕೊಳ್ಳುವ ಲೆಡ್ ಆಸಿಡ್ ಬ್ಯಾಟರಿಯ ಮೇಲಿನ ತೆರಿಗೆಯೂ ಶೇ 28ರಿಂದ 18ಕ್ಕೆ ಇಳಿದಿದೆ. ದತ್ತಿ ಸಂಸ್ಥೆಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲವಾದ್ದರಿಂದ ಈ ಇಳಿಕೆ ನೇರ ಉಳಿತಾಯ. ಹಳೆಯ ದರದಲ್ಲಿ ಬಜೆಟ್ ಮಂಜೂರಾದ ಯೋಜನೆಗಳಲ್ಲಿ ಈ ಹಣ ಉಳಿದಿರುತ್ತದೆ. ಅದನ್ನು ಇನ್ನೊಂದು ಕಟ್ಟಡಕ್ಕೆ ಪ್ಯಾನೆಲ್ ಹಾಕಲು ಬಳಸುವ ಆಸೆ ಎಲ್ಲರಿಗೂ ಆಗುತ್ತದೆ. ಅದರ ಬದಲು ದಾನಿಗೆ ಇವತ್ತೇ ಒಂದು ಪತ್ರ ಬರೆಯಿರಿ. ಸಿಎಸ್‌ಆರ್ ಹಣವಾದರೆ ಲೆಡ್ ಆಸಿಡ್ ಬದಲು ಲಿಥಿಯಂ ಬ್ಯಾಟರಿಗೆ, ಬೇರೆ ಹಣವಾದರೆ ಬ್ಯಾಟರಿ ನಿಧಿಗೆ ವರ್ಗಾಯಿಸಲು ಲಿಖಿತ ಒಪ್ಪಿಗೆ ಕೇಳಿ. ಮಾರ್ಚ್ 31ಕ್ಕೆ ಮೊದಲು ಆ ಒಪ್ಪಿಗೆ ಫೈಲಿನಲ್ಲಿರಬೇಕು.