ಅಭ್ಯಾಸದಲ್ಲಿ ಇಳಿಯುವ ಶುಗರ್ ವೇದಿಕೆಯಲ್ಲಿ ಏಕೆ ಏರುತ್ತದೆ?

ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡದ ನರ್ತಕಿ ಜಿಪೋರಾ ಕಾರ್ಜ್ ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದಾಗ ವಯಸ್ಸು 21. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಇರಬೇಕು ಎಂದೇ ಮೊದಲು ಹೇಳಿದ್ದರು. ಅದು ಟೈಪ್ 1 ಅಂತ ತಿಳಿದದ್ದು ಆಮೇಲೆ. ಅಂದರೆ ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಹಾರ್ಮೋನನ್ನು ಬದುಕಿಡೀ ಹೊರಗಿನಿಂದ ತೆಗೆದುಕೊಳ್ಳಬೇಕು. ಕಾರ್ಜ್ ಕುಣಿಯುವುದನ್ನು ಬಿಡಲಿಲ್ಲ. ಅದೇ ತಂಡದಲ್ಲಿ ಸೋಲೋಯಿಸ್ಟ್ (ಒಂಟಿಯಾಗಿ ಕುಣಿಯುವ ಪಾತ್ರ ಮಾಡುವವರು) ಆದರು, 1999ರವರೆಗೂ ಕುಣಿದರು. ಆಮೇಲೆ ಮಧುಮೇಹ ಇರುವವರ ಮುಂದೆ ತಮ್ಮ ಅನುಭವ ಹೇಳಿಕೊಳ್ಳುವುದನ್ನೇ ಒಂದು ಕೆಲಸ ಮಾಡಿಕೊಂಡರು.

ಇಂಥವರ ಬಗ್ಗೆ ಕೇಳಿದರೆ ‘ಎಂಥ ಛಲ!’ ಅಂದು ಸುಮ್ಮನಾಗುತ್ತೇವೆ. ಛಲ ಬೇಕು, ನಿಜ. ಆದರೆ ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇರುವುದು ಅವರು ದಿನವೂ ಹಾಕುವ ಲೆಕ್ಕದ ಮೇಲೆ.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನು ಅದು ಹಾಳು ಮಾಡುತ್ತದೆ. ಸಿಹಿ ತಿಂದಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಹಿಂದೆ ಇದು ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1922ರಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಆ ಕಥೆ ಬದಲಾಯಿತು.

ಈಗ ನೃತ್ಯಕ್ಕೆ ಬರೋಣ. ಕಾಯಿಲೆ ಇಲ್ಲದವರು ಕುಣಿಯಲು ಶುರು ಮಾಡಿದರೆ ಮೇದೋಜೀರಕ ಗ್ರಂಥಿ ತಾನಾಗಿಯೇ ಇನ್ಸುಲಿನ್ ಕಡಿಮೆ ಮಾಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ಗೆ ಆ ವಿವೇಕ ಇಲ್ಲ. ಒಳಗೆ ಹೋದ ಮೇಲೆ ವಾಪಸ್ ತೆಗೆಯುವಂತೆಯೂ ಇಲ್ಲ. ಇದರ ಜೊತೆಗೆ ಸ್ನಾಯುಗಳದ್ದೇ ಇನ್ನೊಂದು ಆಟ. ದುಡಿಯುತ್ತಿರುವ ಸ್ನಾಯು ಗ್ಲೂಕೋಸ್ ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್‌ಗಾಗಿ ಕಾಯುವುದಿಲ್ಲ. ಗ್ಲುಟ್-4 ಎಂಬ ಪ್ರೋಟೀನನ್ನು ತಾನೇ ಮೇಲಕ್ಕೆ ತಂದು, ಬಾಗಿಲು ತೆಗೆದುಕೊಳ್ಳುತ್ತದೆ. ಎರಡೂ ಸೇರಿದರೆ ಗಂಟೆಗಟ್ಟಲೆ ನಡೆಯುವ ಅಭ್ಯಾಸದಲ್ಲಿ ಶುಗರ್ ಸರ‍್ರನೆ ಇಳಿಯುತ್ತದೆ. ಅದರಲ್ಲೂ ತೊಡೆಗೆ ಚುಚ್ಚಿಕೊಂಡು ತಕ್ಷಣ ಕುಣಿದರೆ ಅಲ್ಲಿ ರಕ್ತ ಜೋರಾಗಿ ಹರಿದು, ಔಷಧಿ ಇನ್ನೂ ಬೇಗ ಏರುತ್ತದೆ.

ಹಾಗಾದರೆ ಪ್ರದರ್ಶನದ ದಿನವೂ ಇಳಿಯಬೇಕು, ಅಲ್ವಾ? ಎಷ್ಟೋ ಸಲ ಆಗುವುದು ಅದರ ತಿರುಗುಮುರುಗು. ಪರದೆ ಏಳುವ ಮುಂಚಿನ ಅಳುಕಿಗೆ ಅಡ್ರಿನಲಿನ್ ಎಂಬ ಹಾರ್ಮೋನ್ ಉಕ್ಕುತ್ತದೆ. ಲಿವರ್ ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಅದೇ ಹೆಜ್ಜೆ, ಅದೇ ಸಂಗೀತ, ಆದರೆ ಮೀಟರಿನಲ್ಲಿ 250! ಗಾಬರಿಯಲ್ಲಿ ಮಧ್ಯಂತರದಲ್ಲಿ ಜಾಸ್ತಿ ಇನ್ಸುಲಿನ್ ತೆಗೆದುಕೊಂಡರೆ ಕೆಟ್ಟಂತೆಯೇ. ಚಪ್ಪಾಳೆ ಮುಗಿದು ಅಡ್ರಿನಲಿನ್ ಇಳಿಯುವ ಹೊತ್ತಿಗೆ ಆ ಇನ್ಸುಲಿನ್ ತನ್ನ ಕೆಲಸ ತೋರಿಸುತ್ತದೆ.

ಇಷ್ಟಾದರೂ ಪರವಾಗಿಲ್ಲ, ಶುಗರ್ ಇಳಿದಾಗ ದೇಹ ಹೇಳುತ್ತದಲ್ಲ ಅನ್ನಬಹುದು. ಹೇಳುತ್ತದೆ. ಬೆವರು, ಕೈ ನಡುಕ, ಎದೆ ಬಡಿತ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು. ಅರ್ಧ ಗಂಟೆ ಕುಣಿದ ಯಾರಿಗೇ ಆದರೂ ಇವೆಲ್ಲ ಇರುತ್ತವೆ! ಇದು ದಣಿವೋ ಲೋ ಶುಗರ್ರೋ ಎಂದು ಬಿಡಿಸಿ ಹೇಳುವುದು ಕುಣಿಯುವವರಿಗೇ ಕಷ್ಟ. ಮೆದುಳಿಗೆ ಗ್ಲೂಕೋಸ್ ಸಾಲದೇ ಹೋದಾಗ ಸಮತೋಲ ತಪ್ಪುತ್ತದೆ, ನೂರು ಸಲ ಮಾಡಿದ ಹೆಜ್ಜೆಯೂ ಮರೆತುಹೋಗುತ್ತದೆ. ನೋಡುವವರಿಗೆ ಅದು ಅಭ್ಯಾಸ ಸಾಲದು ಅನ್ನಿಸುತ್ತದೆ.

ಅದಕ್ಕೇ ಶುಗರ್ ಅಳೆಯುತ್ತಲೇ ಇರುವ, ತೋಳಿಗೆ ಅಂಟಿಸುವ ಸೆನ್ಸರ್ ಇವರಿಗೆ ದೊಡ್ಡ ಆಸರೆ. ಬಿಲ್ಲೆಯಷ್ಟಿರುವ ಅದರ ಅಡಿಯಿಂದ ಕೂದಲಿನಂಥ ಎಳೆಯೊಂದು ಚರ್ಮದೊಳಗೆ ಇಳಿದಿರುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ಸುತ್ತಲಿನ ದ್ರವವನ್ನು. ಹಾಗಾಗಿ ಕೆಲವು ನಿಮಿಷ ಹಿಂದಿರುತ್ತದೆ. ಜೋರಾಗಿ ಕುಣಿಯುವಾಗ ಅದು ತೋರಿಸುವ ಅಂಕಿಗಿಂತ, ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುವ ಪಕ್ಕದ ಬಾಣವನ್ನೇ ನೋಡಬೇಕು. 110ರ ಪಕ್ಕ ಅಡ್ಡ ಬಾಣ ಇದ್ದರೆ ಹೆಚ್ಚಾಗಿ ನಿಶ್ಚಿಂತೆ. ಅದೇ 110ರ ಪಕ್ಕ ಕೆಳಗೆ ನೆಟ್ಟ ಬಾಣ ಇದ್ದರೆ ವೇದಿಕೆಗೆ ಹೋಗುವ ಮುಂಚೆ ಏನಾದರೂ ಸಿಹಿ ಬಾಯಿಗೆ ಹಾಕಿಕೊಳ್ಳಲೇಬೇಕು.

ಮೈಗೆ ಅಂಟಿಕೊಂಡೇ ಇದ್ದು ಸ್ವಲ್ಪ ಸ್ವಲ್ಪವಾಗಿ ಇನ್ಸುಲಿನ್ ಒಳಬಿಡುವ ಪಂಪಿನದು ಬೇರೆಯೇ ತಾಪತ್ರಯ. ಸೊಂಟಕ್ಕೆ ಸಿಕ್ಕಿಸೋಣ ಅಂದರೆ ಜೊತೆಗಾರ ಎತ್ತುವಾಗ ಕೈ ಹಾಕುವುದೇ ಅಲ್ಲಿ. ಬೆವರಿಗೆ ಅಂಟು ಬಿಡುತ್ತದೆ. ಬಿಚ್ಚಿಟ್ಟು ಕುಣಿಯುವವರೂ ಇದ್ದಾರೆ. ಆದರೆ ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಮಾತ್ರ, ತುಂಬ ಹೊತ್ತು ಬಿಚ್ಚಿಟ್ಟರೆ ದೇಹದಲ್ಲಿ ಇನ್ಸುಲಿನ್ನೇ ಇರುವುದಿಲ್ಲ, ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಕಟ್ಟಿಕೊಳ್ಳುತ್ತದೆ.

ಮನೆಗೆ ಹೋಗಿ ಮಲಗಿದ ಮೇಲೂ ಲೆಕ್ಕ ಮುಗಿಯದು. ಖಾಲಿಯಾದ ಸ್ನಾಯುಗಳು ರಾತ್ರಿಯಿಡೀ ಗ್ಲೂಕೋಸ್ ಎಳೆದುಕೊಂಡು ತುಂಬಿಸಿಕೊಳ್ಳುತ್ತವೆ. ಸಂಜೆ ಕುಣಿದವರಿಗೆ ನಡುರಾತ್ರಿ ಶುಗರ್ ಇಳಿಯುವುದು ಹೀಗೆ.

ಇಂಥದ್ದನ್ನೆಲ್ಲ ಹೊಸದಾಗಿ ಕಾಯಿಲೆ ಗೊತ್ತಾದ ಹುಡುಗಿಗೆ ಹೇಳಲು ಕುಣಿದೇ ಕಲಿತವರು ಬೇಕು. ವೈದ್ಯರು ಡೋಸ್ ಹೇಳುತ್ತಾರೆ. ಬಿಗಿ ಉಡುಪಿನಲ್ಲಿ ಸೆನ್ಸರ್ ಎಲ್ಲಿ ಅಂಟಿಸಿದರೆ ಕಿತ್ತುಬರುವುದಿಲ್ಲ, ‘ಸ್ವಲ್ಪ ತಡೀರಿ, ನನಗೆ ಲೋ ಆಗಿದೆ’ ಅಂತ ಗುರುಗಳ ಹತ್ತಿರ ನಾಚಿಕೆ ಇಲ್ಲದೆ ಹೇಗೆ ಕೇಳಬೇಕು, ಬರಿಗಾಲಲ್ಲಿ ಎದ್ದ ಬೊಕ್ಕೆಯನ್ನು ದಿನವೂ ಯಾಕೆ ನೋಡಿಕೊಳ್ಳಬೇಕು, ಇದು ಜೊತೆಯವರ ಪಾಠ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ: ಅನುಭವ ಹಂಚಿಕೊಳ್ಳಬಹುದು, ಡೋಸ್ ಹಂಚಿಕೊಳ್ಳುವಂತಿಲ್ಲ. ಒಬ್ಬರಿಗೆ ಸರಿಯಾದ ಯೂನಿಟ್ ಇನ್ನೊಬ್ಬರನ್ನು ಆಸ್ಪತ್ರೆಗೆ ಸೇರಿಸಬಹುದು.

ತಂಡದ ಉಳಿದವರಿಗೂ ಸ್ವಲ್ಪ ಕಲಿಸಬೇಕು. ಶುಗರ್ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರುಗಟ್ಟುತ್ತದೆ. ಪಕ್ಕಕ್ಕೆ ಮಲಗಿಸಿ, ಶುಗರ್ ಏರಿಸುವ ಗ್ಲೂಕಗಾನ್ ಎಂಬ ಔಷಧಿ ಇದ್ದು ಕೊಡಲು ಗೊತ್ತಿದ್ದರೆ ಕೊಟ್ಟು, ಆಂಬುಲೆನ್ಸ್ ಕರೆಯಬೇಕು. ಗ್ಲೂಕೋಸ್ ಮಾತ್ರೆ ಕಾಯಿಲೆ ಇರುವ ನರ್ತಕಿಯ ಬ್ಯಾಗಿನ ಯಾವ ಜೇಬಿನಲ್ಲಿದೆ ಅಂತ ಕೊನೇಪಕ್ಷ ಇಬ್ಬರಿಗಾದರೂ ಗೊತ್ತಿರಬೇಕು.