ಇಂಪ್ಯಾಕ್ಟೆಡ್ ಹಲ್ಲು ‘ಪ್ರಭಾವಿತ’ ಹಲ್ಲಲ್ಲ

ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಯನ್ನು ಕುರಿತ ಕನ್ನಡ ಬರಹಗಳಲ್ಲಿ ಇಂಗ್ಲಿಷಿನ ‘ಇಂಪ್ಯಾಕ್ಟೆಡ್ ಟೂತ್’ಗೆ ‘ಪ್ರಭಾವಿತ ಹಲ್ಲು’ ಎಂಬ ಮಾತನ್ನು ಓದಿಯೂ ಇಷ್ಟು ದಿನ ಸುಮ್ಮನಿದ್ದೆ. ಮೊನ್ನೆ ‘ಪರಿಣಾಮಕ್ಕೊಳಗಾದ ದವಡೆಹಲ್ಲು’ ಎಂಬುದನ್ನೂ ಕಂಡ ಮೇಲೆ ಬರೆಯದಿರಲಾಗಲಿಲ್ಲ. ಯಾರ ಪ್ರಭಾವ, ಯಾವುದರ ಪರಿಣಾಮ ಎಂದು ನೋವಿನಲ್ಲಿರುವ ಓದುಗರು ಕೇಳಿದರೆ ಆ ಬರಹದಲ್ಲಿ ಉತ್ತರವಿಲ್ಲ.

‘ಇಂಪ್ಯಾಕ್ಟ್’ ಎಂಬುದು ಲ್ಯಾಟಿನ್ನಿನ ‘ಇಂಪಿಂಗೆರೆ’ ಎಂಬ ಕ್ರಿಯಾಪದದ ಕೃದಂತರೂಪವಾದ ‘ಇಂಪ್ಯಾಕ್ಟಸ್’ನಿಂದ ಬಂದದ್ದು. ಅದರೊಳಗಿರುವುದು ‘ಒಳಕ್ಕೆ’ ಎಂಬರ್ಥದ ‘ಇನ್’ ಮತ್ತು ‘ನೆಡು, ಬಿಗಿದು ಕೂರಿಸು’ ಎಂಬರ್ಥದ ‘ಪಾಂಗೆರೆ’. ‘ಕಾಂಪ್ಯಾಕ್ಟ್’ ಎಂಬ ಪದದಲ್ಲಿರುವುದೂ ಇದೇ ಧಾತು. 17ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ಒತ್ತಿ ಬಿಗಿಯುವುದು ಎಂಬ ಅರ್ಥವೇ ಇತ್ತು. ಡಿಕ್ಕಿ ಎಂಬ ಅರ್ಥ 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಪ್ರಭಾವ ಎಂಬ ಅರ್ಥ 19ನೆಯ ಶತಮಾನದಲ್ಲಿ ಸೇರಿಕೊಂಡವು. ವೈದ್ಯಕೀಯವು ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ: ಮುರಿದ ಮೂಳೆಯ ಒಂದು ತುದಿ ಇನ್ನೊಂದರೊಳಗೆ ಹೊಕ್ಕು ಬೆಣೆಯಂತೆ ಬಿಗಿದುಕೊಂಡರೆ ಅದು ‘ಇಂಪ್ಯಾಕ್ಟೆಡ್ ಫ್ರ್ಯಾಕ್ಚರ್’, ಕಿವಿಯ ಗುಗ್ಗೆ ಗಟ್ಟಿಯಾಗಿ ಕೂತರೆ ಅದೂ ‘ಇಂಪ್ಯಾಕ್ಷನ್’.

ಹಲ್ಲಿನ ವಿಷಯದಲ್ಲಿಯೂ ಹಾಗೆಯೇ. ಹುಟ್ಟಬೇಕಾದ ಕಾಲ ಕಳೆದರೂ ಪಕ್ಕದ ಹಲ್ಲೋ ಮೂಳೆಯೋ ದಪ್ಪ ಒಸಡೋ ಅಡ್ಡವಾಗಿ ತನ್ನ ಜಾಗಕ್ಕೆ ಬರಲಾರದೆ ನಿಂತ ಹಲ್ಲನ್ನು ಇಂಪ್ಯಾಕ್ಟೆಡ್ ಎನ್ನುತ್ತಾರೆ. 14 ವರ್ಷದ ಹುಡುಗನ ಎಕ್ಸ್‌ರೇಯಲ್ಲಿ ಮೂಳೆಯೊಳಗೆ ಕಾಣುವ ಬುದ್ಧಿಹಲ್ಲು ಇನ್ನೂ ಹುಟ್ಟದ ಹಲ್ಲಷ್ಟೇ. ಅದಕ್ಕೆ ಈ ಹೆಸರು ಸಲ್ಲದು. ಅಮೆರಿಕದ ದಂತವೈದ್ಯ ಜಾರ್ಜ್ ವಿಂಟರ್ 1926ರಲ್ಲಿ ಕೆಳದವಡೆಯ ಬುದ್ಧಿಹಲ್ಲುಗಳನ್ನು ಅವು ಮುಂದಕ್ಕೆ ವಾಲಿವೆಯೋ, ಹಿಂದಕ್ಕೆ ವಾಲಿವೆಯೋ, ಅಡ್ಡ ಮಲಗಿವೆಯೋ, ನೆಟ್ಟಗಿವೆಯೋ ಎಂಬುದನ್ನು ನೋಡಿ ವಿಂಗಡಿಸಿದರು. ಎಷ್ಟು ಮೂಳೆ ಕೊರೆಯಬೇಕು, ಹಲ್ಲನ್ನು ತುಂಡರಿಸಿ ತೆಗೆಯಬೇಕೇ ಎಂಬ ನಿರ್ಧಾರಕ್ಕೆ ಈ ವಾಲುವಿಕೆ ಇಂದಿಗೂ ಮುಖ್ಯ.

ಕೆಲವರು ಬಳಸುವ ‘ಹುದುಗಿದ ಹಲ್ಲು’ ಎಂಬ ಮಾತು ‘ಪ್ರಭಾವಿತ’ಕ್ಕಿಂತ ಎಷ್ಟೋ ಮೇಲು, ಆದರೆ ಅರ್ಧ ಹೊರಬಂದು ನಿಂತ ಹಲ್ಲಿಗೆ ಅದು ಹೊಂದುವುದಿಲ್ಲ, ಅಡ್ಡಿಯೊಂದಿದೆ ಎಂಬುದನ್ನೂ ಹೇಳುವುದಿಲ್ಲ. ‘ಸಿಕ್ಕಿಕೊಂಡ ಹಲ್ಲು’ ಎಂದರೆ ಎರಡೂ ಸರಿಹೋಗುತ್ತವೆ. ಬುದ್ಧಿಹಲ್ಲಿಗೆ ಇದನ್ನೇ ಇನ್ನೊಂದು ಹೆಸರೆಂದು ತಿಳಿಯಬಾರದು: ಮೇಲ್ದವಡೆಯ ಕೋರೆಹಲ್ಲೂ ಅಂಗುಳದ ಕಡೆ ಸಿಕ್ಕಿಕೊಳ್ಳುವುದುಂಟು, ಅದನ್ನು ಹಲವು ವೇಳೆ ಕೀಳುವುದಿಲ್ಲ, ಒಸಡು ಬಿಡಿಸಿ, ತಂತಿ ಕಟ್ಟಿ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಸಾಲಿಗೆ ಎಳೆದು ತರುತ್ತಾರೆ.