ಕೈ ನಡುಗಲಿಲ್ಲ, ಫೋಟೊ ಯಾಕೆ ಮಬ್ಬಾಯಿತು?

ಗುಳೇದಗುಡ್ಡದ ಓದುಗರೊಬ್ಬರು ಕೇಳಿದ್ದಾರೆ: “ಬಾದಾಮಿಗೆ ಹೋಗಿದ್ವಿ. ಹೊರಗ ಹದಿನೆಂಟು ಕೈ ನಟರಾಜನ ಫೋಟೊ ಭಾಳ ಚಲೋ ಬಂದಾವ. ಗುಹೆ ಒಳಗ ತಗದಿದ್ದೆಲ್ಲಾ ಮಬ್ಬ. ಮನ್ಯಾಗೂ ಇದ ಹಣೇಬರಹ. ನನ್ನ ಕೈ ಏನ್ ನಡಗೂದಿಲ್ರಿ. ಹೊಸಾ ಫೋನ್ ತಗೋಬೇಕೇನು?”

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ದುಡ್ಡು ಸದ್ಯ ಕಿಸೆಯಲ್ಲೇ ಇರಲಿ. ಹೊರಗೆ ನಟರಾಜನನ್ನು ಚೆನ್ನಾಗಿ ತೆಗೆದದ್ದೂ ಇದೇ ಫೋನ್ ಅಲ್ವಾ? ಹೊರಗಿನಿಂದ ಒಳಗೆ ಬರುವಾಗ ಬದಲಾದದ್ದು ಒಂದೇ, ಬೆಳಕು.

ಒಂದು ಫೋಟೊ ಆಗಬೇಕಾದರೆ ಕ್ಯಾಮೆರಾಗೆ ಇಂತಿಷ್ಟು ಅಂತ ಬೆಳಕು ಬೇಕು. ನಳದ ಕೆಳಗೆ ಕೊಡ ಇಟ್ಟ ಹಾಗೆ. ನೀರು ಜೋರಾಗಿದ್ದರೆ ಕೊಡ ಬೇಗ ತುಂಬುತ್ತದೆ, ಸಣ್ಣಗೆ ಬಂದರೆ ಕಾಯಬೇಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲನ್ನು ಅಳೆದರೆ ಸುಮಾರು 1,00,000 ಲಕ್ಸ್ ಇರುತ್ತದೆ. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಪಡಸಾಲೆಯಲ್ಲಿ 100-200 ಲಕ್ಸ್ ಇದ್ದರೆ ಜಾಸ್ತಿ. ಅಂದರೆ ಬಿಸಿಲಿನ 500ರಲ್ಲಿ ಒಂದು ಪಾಲು, ಕೆಲವು ಮನೆಗಳಲ್ಲಿ 1000ದಲ್ಲಿ ಒಂದು ಪಾಲು. ನಮಗೆ ಇದು ಗೊತ್ತೇ ಆಗುವುದಿಲ್ಲ, ಕಣ್ಣು ತಾನಾಗಿ ಹೊಂದಿಕೊಂಡುಬಿಡುತ್ತದೆ. ಕ್ಯಾಮೆರಾ ಮಾತ್ರ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ತೆರೆದುಕೊಂಡು ಕಾಯುತ್ತದೆ. ಬಿಸಿಲಲ್ಲಿ ಸೆಕೆಂಡಿನ 1/1000 ಭಾಗದೊಳಗೇ ಮುಗಿಯುವ ಕೆಲಸಕ್ಕೆ ಮನೆಯೊಳಗೆ ಸೆಕೆಂಡಿನ 1/30, 1/15 ಭಾಗ ಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಏನೇ ಅಲುಗಿದರೂ ಅದು ಫೋಟೊದಲ್ಲಿ ಬಳಿದುಕೊಳ್ಳುತ್ತದೆ.

ಈಗ ಪ್ರಶ್ನೆ, ಅಲುಗಿದ್ದು ಯಾರು? ಇದಕ್ಕೆ ಉತ್ತರ ಕೆಟ್ಟ ಫೋಟೊದಲ್ಲೇ ಇರುತ್ತದೆ. ನಾವು ಸಿಟ್ಟಿನಲ್ಲಿ ಮೊದಲು ಅದನ್ನೇ ಡಿಲೀಟ್ ಮಾಡುತ್ತೇವೆ.

ನನ್ನದೇ ಒಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ವಿಜಯಪುರದಲ್ಲಿ ನಮ್ಮ ತಂಗಿಯ ಕುಬುಸ, ಅಂದರೆ ಸೀಮಂತ. ಸಂಜೆ ಹೊತ್ತು. ಕೈಯಲ್ಲಿ ಅಂಗೈಯಷ್ಟು ಸಣ್ಣ ಡಿಜಿಟಲ್ ಕ್ಯಾಮೆರಾ. ನಲವತ್ತು ಫೋಟೊ ಹೊಡೆದೆ, ನೋಡುವ ಹಾಗೆ ಬಂದದ್ದು ಮೂರೋ ನಾಲ್ಕೋ. ನಮ್ಮ ಅತ್ತೆ ಒಂದೊಂದೇ ನೋಡಿ, “ನಿನ್ನ ಕ್ಯಾಮೆರಾಕ್ಕ ಪೊರಿ ಬಂದೈತೇನೋ?” ಅಂದರು. ಆ ಫೋಟೊಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಈ ವಿಷಯದಲ್ಲಿ ನನಗೆ ಅವೇ ಪಾಠ.

ಒಂದರಲ್ಲಿ ಆರತಿ ತಟ್ಟೆಯ ಐದೂ ದೀಪಗಳು ಕುಡುಗೋಲಿನ ಹಾಗೆ ಬಾಗಿವೆ. ಐದೂ ಒಂದೇ ಥರ, ಒಂದೇ ದಿಕ್ಕಿಗೆ. ತಟ್ಟೆ ಅಲುಗಿತ್ತು ಅನ್ನೋಣ ಅಂದರೆ ಹಿಂದಿನ ಸೀರಿಯಲ್ ಸೆಟ್ ದೀಪಗಳೂ ಹಾಗೇ ಬಾಗಿವೆ. ದೂರದ್ದೂ ಹತ್ತಿರದ್ದೂ ಒಟ್ಟಿಗೆ ಒಂದೇ ಕಡೆ ಸರಿದಿದ್ದರೆ ಅಲುಗಿದ್ದು ಕ್ಯಾಮೆರಾ, ಅಂದರೆ ನನ್ನ ಕೈ. ಇನ್ನೊಂದರಲ್ಲಿ ಕುರ್ಚಿಯ ಮೇಲೆ ಕುಳಿತ ತಂಗಿ ಸ್ಪಷ್ಟ, ಇಳಕಲ್ ಸೀರೆಯ ಸೆರಗಿನ ಗೆರೆಗಳನ್ನೂ ಎಣಿಸಬಹುದು. ಅರಿಶಿನ ಹಚ್ಚುವವರ ಕೈ ಮಾತ್ರ ಹೊಗೆಯ ಹಾಗಿದೆ. ಅಲ್ಲಿ ನನ್ನ ತಪ್ಪಿಲ್ಲ, ಅವರ ಕೈ ನಡೆಯುತ್ತಿತ್ತು. ಮೂರನೆಯದರಲ್ಲಿ ತಂಗಿಯ ಮುಖ ಮಬ್ಬು, ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಅಂತ ಓದಬಹುದು. ಅದು ಫೋಕಸ್ ತಪ್ಪಿದ್ದು. ಇನ್ನು ಕೆಲವು ಪೂರ್ತಿ ಮಂಜು ಮಂಜು, ಬಲ್ಬಿನ ಸುತ್ತ ಬಿಳಿ ಗರಿ ಹರಡಿದ ಹಾಗೆ. ಅದಕ್ಕೆ ಕಾರಣ ಹೇಳಲು ನಾಚಿಕೆ. ನಾನು ಶೇಂಗಾ ಹೋಳಿಗೆ ತಿಂದ ಕೈಯಲ್ಲೇ ಕ್ಯಾಮೆರಾ ಹಿಡಿದಿದ್ದೆ.

ಈ ಕೊನೆಯದು ಸುಲಭದ್ದು, ಅದಕ್ಕೇ ಯಾರೂ ನೋಡುವುದಿಲ್ಲ. ಫೋನ್ ಹಿಡಿದಾಗ ತೋರುಬೆರಳು ಹೋಗಿ ಕೂರುವ ಜಾಗದಲ್ಲೇ ಕ್ಯಾಮೆರಾ ಗಾಜು ಇರುತ್ತದೆ. ಎಣ್ಣೆ, ಬೆವರು, ಎರೆಮಣ್ಣಿನ ಧೂಳು ಎಲ್ಲ ಸೇರಿ ಅಲ್ಲೊಂದು ಪದರ ಕಟ್ಟುತ್ತದೆ. ಮೊದಲು ಧೂಳು ಊದಿ, ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಧೂಳಿದ್ದಾಗಲೇ ಉಜ್ಜಿದರೆ ಗೀರು ಬೀಳುತ್ತದೆ. ಅಂಗಡಿಯಲ್ಲಿ ಕ್ಯಾಮೆರಾ ಮೇಲೆ ಅಂಟಿಸಿ ಕೊಡುವ ಗಾಜು ಇದೆಯಲ್ಲ, ಅದರ ಮೇಲೆ ನನಗೆ ಅಷ್ಟು ಪ್ರೀತಿ ಇಲ್ಲ. ಅದು ಮಸುಕಾಗಿದ್ದರೆ ಕಿತ್ತು ಹಾಕಿ.

ಕೈ ವಿಷಯಕ್ಕೆ ಬರೋಣ. “ನನ್ನ ಕೈ ನಡುಗುವುದಿಲ್ಲ” ಅನ್ನುವವರನ್ನು ನಾನು ನಂಬುತ್ತೇನೆ. ಆದರೆ ನಡುಗದ ಕೈಯೂ ಒತ್ತುತ್ತದೆ. ಫೋನನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ, ಹೆಬ್ಬೆರಳಿನಿಂದ ಪರದೆಗೆ ಟಕ್ ಅಂತ ಕುಕ್ಕಿದಾಗ ಫೋನ್ ಕೂದಲೆಳೆಯಷ್ಟು ವಾಲುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಶಟರ್ ತೆರೆದಿರುತ್ತದೆ. ಎರಡೂ ಕೈಯಲ್ಲಿ ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಬಾಗಿಲ ಚೌಕಟ್ಟಿಗೋ ಗೋಡೆಗೋ ಹೆಗಲು ಕೊಡಿ. ಬಾದಾಮಿಯಲ್ಲಿ ಕೆತ್ತನೆಯ ಕಂಬಕ್ಕೆ ಮಾತ್ರ ಒರಗಬೇಡಿ, ನೆಲಕ್ಕೆ ಕುಳಿತು ಮೊಣಕಾಲಿನ ಮೇಲೆ ಮೊಣಕೈ ಊರಿದರೆ ಸಾಕು. ಉಸಿರು ಅರ್ಧ ಬಿಟ್ಟು, ಗುಂಡಿಯನ್ನು ಕುಕ್ಕದೆ ಹಿಂಡಿದ ಹಾಗೆ ಒತ್ತಿ. ಬಹಳಷ್ಟು ಫೋನುಗಳಲ್ಲಿ ವಾಲ್ಯೂಮ್ ಗುಂಡಿ ಒತ್ತಿದರೂ ಫೋಟೊ ಬರುತ್ತದೆ, ಎರಡು ಕೈ ಹಿಡಿತಕ್ಕೆ ಅದೇ ಚೆಂದ.

ಗೋಳಗುಮ್ಮಟದಲ್ಲಿ ಇದನ್ನು ದಿನಾ ನೋಡಬಹುದು. ಜನ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಪಿಸುಗುಟ್ಟುವ ಗ್ಯಾಲರಿಗೆ ಬರುತ್ತಾರೆ. ಬಂದ ಕೂಡಲೇ ಫೋನ್ ಎತ್ತುತ್ತಾರೆ. ಎದೆ ಹಾರುತ್ತಿರುವಾಗ ಕೈ ಹೇಗೆ ನಿಲ್ಲಬೇಕು? ಒಂದೆರಡು ನಿಮಿಷ ಕೂತು ಪ್ರತಿಧ್ವನಿ ಕೇಳಿ, ಆಮೇಲೆ ಫೋಟೊ ತೆಗೆಯಿರಿ. ಇನ್ನೊಂದು ತಮಾಷೆ ಕೆಳಗೆ ನಡೆಯುತ್ತದೆ, ಗುಮ್ಮಟಕ್ಕೆ ಫ್ಲ್ಯಾಶ್ ಹೊಡೆಯುವುದು. ಫೋನಿನ ಫ್ಲ್ಯಾಶ್ ಬೆಳಕು ಸರಿಯಾಗಿ ಮುಟ್ಟುವುದೇ ಎರಡು ಮೂರು ಮೀಟರ್. ಆ ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್. ಬೆಳಗುವುದು ಮುಂದೆ ನಿಂತವರ ಬೋಳುತಲೆ ಮಾತ್ರ.

ಜೂಮ್ ಕೂಡ ಕೈಗೇ ಸೇರಿದ್ದು. ನಾಲ್ಕು ಪಟ್ಟು ಜೂಮ್ ಮಾಡಿದರೆ ಅಲುಗಾಟವೂ ನಾಲ್ಕು ಪಟ್ಟು ಕಾಣುತ್ತದೆ. ಸಣ್ಣ ಕ್ಯಾಮೆರಾಗಳಲ್ಲಿ ಲೆನ್ಸ್ ಮುಂದೆ ಬಂದಷ್ಟೂ ಒಳಗೆ ಬರುವ ಬೆಳಕೂ ಕಡಿಮೆ. ಸಾಧ್ಯವಿದ್ದರೆ ಜೂಮ್ ಮಾಡದೆ ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಅಲುಗದ ವಸ್ತುವಾದರೆ ಜೋಳದ ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿಟ್ಟು, 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಸ್ಟ್ಯಾಂಡ್ ಕೊಳ್ಳುವ ಖರ್ಚು ಉಳಿಯಿತು.

ಆದರೆ ಎದುರಿನವರೇ ಅಲುಗಿದರೆ ಡಬ್ಬಿ ಏನೂ ಮಾಡಲಾರದು. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುವ ಫೋಟೊ ಎಲ್ಲರಿಗೂ ಬೇಕು, ಎಲ್ಲರಿಗೂ ಕೆಡುವುದೂ ಅದೇ. ಲೆಕ್ಕ ಹಾಕಿ ನೋಡಿ. ಬಡಿಯುವ ಕೈ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಓಡುತ್ತಿದೆ ಅಂತಿಟ್ಟುಕೊಳ್ಳಿ. ಅಡುಗೆಮನೆಯ ಒಂದೇ ಬಲ್ಬಿನಲ್ಲಿ ಶಟರ್ 1/20 ಸೆಕೆಂಡ್ ತೆರೆದಿದ್ದರೆ, ಅಷ್ಟರಲ್ಲಿ ಕೈ 5 ಸೆಂಟಿಮೀಟರ್ ಸರಿದಿರುತ್ತದೆ. ಮೂರು ಬೆರಳಿನಷ್ಟು ಅಗಲ! ಅದೇ ಹೊತ್ತಿನಲ್ಲಿ ಬಾಗಿಲು ಕಿಟಕಿ ತೆರೆದು ಹಗಲ ಬೆಳಕು ಬಿಟ್ಟರೆ ಶಟರ್ 1/200 ಸೆಕೆಂಡಿಗೆ ಹೋಗಬಹುದು. ಆಗ ಸರಿಯುವುದು ಅರ್ಧ ಸೆಂಟಿಮೀಟರ್ ಮಾತ್ರ. ಅವ್ವನನ್ನು ಒಲೆ ಬಿಟ್ಟು ಏಳಿಸಲು ಆಗುವುದಿಲ್ಲ, ಸರಿ. ನೀವು ಕಿಟಕಿಗೆ ಬೆನ್ನು ಕೊಟ್ಟು, ಬೆಳಕಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ನಿಲ್ಲಿ. ಕಿಟಕಿಯ ಬೆಳಕು ಅವ್ವನ ಮೇಲೆ ಬೀಳಲಿ.

ಬೆಳಕು ಸಾಲದಿದ್ದರೆ ಇನ್ನೊಂದು ಉಪಾಯ, ನಿಲ್ಲುವ ಕ್ಷಣಕ್ಕೆ ಕಾಯುವುದು. ಪಂಚಮಿ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಕೆಳಗೆ ಬರುವಾಗ ರೊಯ್ ಅಂತ ಹೋಗುತ್ತದೆ. ಮೇಲೆ ತುದಿಗೆ ಮುಟ್ಟಿ ಹಿಂದಿರುಗುವ ಮುಂಚೆ ಅರೆಕ್ಷಣ ನಿಂತ ಹಾಗಾಗುತ್ತದೆ, ಸೀರೆಯ ಸೆರಗು ಮಾತ್ರ ಇನ್ನೂ ಹಾರುತ್ತಿರುತ್ತದೆ. ಒತ್ತಬೇಕಾದದ್ದು ಅಲ್ಲಿ. ರೊಟ್ಟಿ ಬಡಿಯುವಾಗಲೂ ಹಾಗೆ, ರೊಟ್ಟಿ ಎತ್ತಿ ಹಂಚಿಗೆ ಹಾಕುವ ಮುಂಚೆ ಕೈ ಒಂದು ಗಳಿಗೆ ನಿಲ್ಲುತ್ತದೆ. ಎರಡು ಮೂರು ರೊಟ್ಟಿ ಸುಮ್ನೆ ನೋಡಿ, ಲಯ ಸಿಗುತ್ತದೆ. ಮಕ್ಕಳಿಗೆ ಲಯ ಗಿಯ ಏನೂ ಇರುವುದಿಲ್ಲ. ಅವರಿಗೆ ಸಾಲಾಗಿ ಹತ್ತು ಫೋಟೊ ತೆಗೆಯಿರಿ, ಒಂದಾದರೂ ಉಳಿಯುತ್ತದೆ.

ನೈಟ್ ಮೋಡ್ ಹಾಕಿದರೆ ಸರಿಹೋಗುತ್ತಾ ಅಂತ ಕೇಳುವವರಿದ್ದಾರೆ. ಅದು ಒಂದೆರಡು ಸೆಕೆಂಡಿನಲ್ಲಿ ಹಲವು ಫೋಟೊ ತೆಗೆದು ಒಂದರ ಮೇಲೊಂದು ಸೇರಿಸುತ್ತದೆ. ಗುಹೆಯ ಒಳಗಿನ ಕಲ್ಲಿನ ವಿಷ್ಣುವಿಗೆ ಬಹಳ ಒಳ್ಳೆಯದು, ಆತ ಕ್ರಿ.ಶ. 578ರ ಕಾಲದಿಂದಲೂ ಅಲುಗಿಲ್ಲ. ಎರಡು ವರ್ಷದ ಮೊಮ್ಮಗಳಿಗೆ ಹಾಕಿದರೆ ಎರಡು ತಲೆ ಬಂದಾವು.

ಫೋಕಸ್ ಬಗ್ಗೆ, ಸಣ್ಣ ಕ್ಯಾಮೆರಾ ಇಟ್ಟುಕೊಂಡವರಿಗೆ ಒಂದು ಮಾತು. ಅದರ ಗುಂಡಿಗೆ ಎರಡು ಹಂತ ಇದೆ. ಅರ್ಧ ಒತ್ತಿದರೆ ಫೋಕಸ್ ಹುಡುಕುತ್ತದೆ, ಪೂರ್ತಿ ಒತ್ತಿದರೆ ಫೋಟೊ ತೆಗೆಯುತ್ತದೆ. ನಮ್ಮ ಮನೆಯಲ್ಲಿ ಆ ಕ್ಯಾಮೆರಾ ಬಂದು ಎರಡು ವರ್ಷ ಆದರೂ ಇದು ನನಗೇ ಗೊತ್ತಿರಲಿಲ್ಲ, ಒಂದೇ ಏಟಿಗೆ ಒತ್ತುತ್ತಿದ್ದೆ. ಕ್ಯಾಲೆಂಡರ್ ಸ್ಪಷ್ಟ, ತಂಗಿ ಮಬ್ಬು ಆದದ್ದು ಹಾಗೇ. ಅರ್ಧ ಒತ್ತಿ, ಮುಖದ ಮೇಲೆ ಹಸಿರು ಚೌಕ ಬಂದು ಬೀಪ್ ಅಂದ ಮೇಲೆ ಬೆರಳು ಎತ್ತದೆ ಉಳಿದರ್ಧ ಒತ್ತಿ. ಫೋನಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಒಮ್ಮೆ ಮುಟ್ಟಿ. ಉಂಗುರ, ಖಣದ ನೇಯ್ಗೆ ಅಂತ ತೀರಾ ಹತ್ತಿರ ಹೋದಾಗ ಫೋಕಸ್ ಒಳಗೆ ಹೊರಗೆ ಒದ್ದಾಡಿದರೆ ಅರ್ಧ ಗೇಣು ಹಿಂದೆ ಸರಿಯಿರಿ. ಸಣ್ಣ ಕ್ಯಾಮೆರಾದಲ್ಲಿ ಇದಕ್ಕಂತಲೇ ಹೂವಿನ ಗುರುತಿನ ಗುಂಡಿ ಇರುತ್ತದೆ.

ಇನ್ನೊಂದು ಮಬ್ಬು ಇದೆ, ಅದು ಅಲುಗಿದ್ದೂ ಅಲ್ಲ, ಫೋಕಸ್ ತಪ್ಪಿದ್ದೂ ಅಲ್ಲ. ಕತ್ತಲಲ್ಲಿ ಫೋಟೊ ತುಂಬ ಕಾಳುಕಾಳಾಗಿ ಬಂದಾಗ ಫೋನ್ ಅದನ್ನು ತಾನೇ ಸವರಿ ನುಣ್ಣಗೆ ಮಾಡುತ್ತದೆ. ಮುಖ ಮೇಣದ ಗೊಂಬೆಯ ಹಾಗಾಗುತ್ತದೆ, ಹುಬ್ಬು ಬಳಿದ ಹಾಗೆ ಕಾಣುತ್ತದೆ. ಇದಕ್ಕೂ ಔಷಧ ಬೆಳಕೇ. ಆ್ಯಪ್ ಹಾಕಿ ಶಾರ್ಪ್ ಮಾಡುತ್ತೇನೆ ಅಂತ ಹೊರಟರೆ ಮೇಣದ ಗೊಂಬೆಗೆ ಕಪ್ಪು ಅಂಚು ಬರುತ್ತದೆ, ಅಷ್ಟೆ.

ಹಾಂ, ನಿಮ್ಮ ಫೋನಿನಲ್ಲಿ ಚೆನ್ನಾಗಿಯೇ ಇದ್ದು ಬೀಗರ ಫೋನಿನಲ್ಲಿ ಮಬ್ಬಾಗಿದ್ದರೆ ಕೈಯನ್ನೂ ಬೈಯಬೇಡಿ, ಬಲ್ಬನ್ನೂ ಬೈಯಬೇಡಿ. ವಾಟ್ಸ್‌ಆ್ಯಪ್ ಫೋಟೊವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಕಳಿಸುವಾಗ ಎಚ್‌ಡಿ ಆರಿಸಿಕೊಳ್ಳಿ, ಇಲ್ಲವೇ ಡಾಕ್ಯುಮೆಂಟ್ ಅಂತ ಕಳಿಸಿ. ನಮ್ಮ ಅತ್ತೆಗೆ ನಾನು ಈಗ ಎಲ್ಲ ಫೋಟೊ ಡಾಕ್ಯುಮೆಂಟ್ ಆಗಿಯೇ ಕಳಿಸುತ್ತೇನೆ. ತೆರೆಯೋಕೆ ಬರಲ್ಲ ಅಂತ ಬೈಯುತ್ತಾರೆ, ಪೊರೆ ಬಂದಿದೆ ಅನ್ನುವುದನ್ನು ಬಿಟ್ಟಿದ್ದಾರೆ.